‘ಮೀನು ನಾವೇ ಒಯ್ತೀವಿ’ ಅನ್ನುವ ಕರಾರಿಗೆ ಸಹಿ ಹಾಕುವ ಮುನ್ನ

ಹೊಲದಲ್ಲಿ ಕೃಷಿ ಹೊಂಡ ಇರುವ ನಮ್ಮ ವಿಜಯಪುರ ಜಿಲ್ಲೆಯ ರೈತರು ದಯವಿಟ್ಟು ಇದನ್ನು ಪೂರ್ತಿ ಓದಿ. ಮೀನು ಸಾಕಾಣಿಕೆ ಕಂಪನಿ ಅಂತ ಹೇಳಿಕೊಂಡು ಹಳ್ಳಿಹಳ್ಳಿಗೆ ಜನ ಬರುತ್ತಿದ್ದಾರೆ. "ಮರಿ ನಾವು ಕೊಡ್ತೀವಿ, ಫೀಡ್ ನಾವು ಕೊಡ್ತೀವಿ, ನೀವು ನೀರು ನೋಡ್ಕೋರಿ ಸಾಕು. ವರ್ಷದೊಳಗ ನಾವೇ ಬಂದು ತೂಗಿ ಒಯ್ತೀವಿ" ಅನ್ನುತ್ತಾರೆ. ನನ್ನ ತಮ್ಮನ ಹೊಂಡದಲ್ಲಿ ಇದು ಹೇಗೆ ನಡೆಯಿತು ಅನ್ನುವುದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ನಮ್ಮದು ತಿಕೋಟಾ ಕಡೆ. ದ್ರಾಕ್ಷಿ ನೆಚ್ಚಿಕೊಂಡವರು. ಅಕಾಲಿಕ ಮಳೆಗೆ ಗೊನೆ ಕೊಳೆತ ವರ್ಷವೇ ಇವರು ಬಂದರು. ಬೆಳೆ ಹೋದ ಊರನ್ನು ಹುಡುಕಿಕೊಂಡೇ ಬರುತ್ತಾರೆ ಅಂತ ಈಗ ನನಗೆ ಖಾತ್ರಿಯಾಗಿದೆ, ಯಾಕಂದರೆ ಮೋಸಹೋದ ಉಳಿದವರನ್ನು ಮಾತಾಡಿಸಿದಾಗ ಎಲ್ಲರದೂ ಅದೇ ಕಥೆ. ತುಬಚಿ-ಬಬಲೇಶ್ವರ ಏತ ನೀರಾವರಿ ಬಂದ ಮೇಲೆ ನಮ್ಮ ಭಾಗದಲ್ಲಿ ಹೊಂಡಕ್ಕೆ ನೀರಿನ ಚಿಂತೆ ಮೊದಲಿನಷ್ಟಿಲ್ಲ. ನೀರು ಹೇಗೂ ನಿಂತಿದೆ, ಅದರಲ್ಲೇ ಇನ್ನೊಂದು ಆದಾಯ ಆಗಲಿ ಅನ್ನುವುದು ಯಾವ ರೈತನಿಗಾದರೂ ಬರುವ ಆಸೆ. ಅದರಲ್ಲಿ ತಪ್ಪೇನೂ ಇಲ್ಲ, ಹೊಂಡದಲ್ಲಿ ಮೀನು ಸಾಕಿ ನಾಲ್ಕು ಕಾಸು ನೋಡಿದವರೂ ನಮ್ಮಲ್ಲಿದ್ದಾರೆ. ನಾನು ಹೇಳುತ್ತಿರುವುದು ಈ ಕರಾರಿನ ಬಗ್ಗೆ.

ಮೊದಲು ಮರಿಯ ಲೆಕ್ಕ ಕೇಳಿ. ಕಾಟ್ಲಾ, ರೋಹು, ಮೃಗಾಲ್ ಮೂರನ್ನೂ ಕೂಡಿಸಿ ಸಾಕುವಾಗ ಒಂದು ಹೆಕ್ಟೇರ್ ನೀರಿಗೆ 5,000ದಿಂದ 10,000 ಬಲಿತ ಮರಿ, ಅಂದರೆ ಬೆರಳುದ್ದ ಬೆಳೆದ ಮರಿ, ಬಿಡುವುದು ರೂಢಿ. ಹೆಚ್ಚೆಂದರೆ ಒಂದು ಚದರ ಮೀಟರಿಗೆ ಒಂದು ಮರಿ ಆಯಿತು. ತಮ್ಮನ ಹೊಂಡ 30 ಮೀಟರ್ ಉದ್ದ, 30 ಮೀಟರ್ ಅಗಲ. ಅದಕ್ಕೆ 900 ಮರಿ ಸಾಕು. ಕಂಪನಿಯವರು ಅದಕ್ಕೆ ಬಿಡಿಸಿದ್ದು 10,000! "ಎಷ್ಟು ಮರಿ ಅಷ್ಟು ಮೀನು, ಅಷ್ಟು ರೊಕ್ಕ" ಅಂತ ಕಾಗದದ ಮೇಲೆ ಗುಣಾಕಾರ ಮಾಡಿ ತೋರಿಸಿದರು. ಒಂದೊಂದು ಮೀನು ಒಂದು ಕೆ.ಜಿ. ಆದರೆ ಇಷ್ಟು ಲಕ್ಷ ಅಂತ. ಅಷ್ಟು ಮೀನಿಗೆ ಆ ನೀರಿನಲ್ಲಿ ಉಸಿರೆಲ್ಲಿಂದ ಬರಬೇಕು ಅನ್ನುವ ಮಾತೇ ಆ ಕಾಗದದಲ್ಲಿರಲಿಲ್ಲ. ಮರಿಯ ದುಡ್ಡನ್ನು ಎಣಿಸಿಕೊಳ್ಳುವುದು 10,000ಕ್ಕೆ, ಅದೂ ಮರಿ ಬಿಡುವ ದಿನವೇ. ಅವರ ಲಾಭ ಅಲ್ಲಿಗೇ ಅರ್ಧ ಮುಗಿದಿರುತ್ತದೆ.

ಉಳಿದರ್ಧ ಫೀಡಿನಲ್ಲಿ. ಒಂದು ಕೆ.ಜಿ. ಮೀನು ಬೆಳೆಯಲು ಸುಮಾರು ಒಂದೂವರೆಯಿಂದ ಎರಡು ಕೆ.ಜಿ. ಫೀಡ್ ಬೇಕು. ಸಾಕಾಣಿಕೆಯಲ್ಲಿ ಹೆಚ್ಚು ಖರ್ಚು ಬೀಳುವುದೇ ಇಲ್ಲಿ. ಬೇರೆ ಕಡೆಯ ಫೀಡ್ ಹಾಕಿದರೆ ಕರಾರು ರದ್ದು ಅಂತ ಬಾಂಡ್ ಪೇಪರಿನಲ್ಲಿ ಬರೆದಿತ್ತು. ಹಾಗಾಗಿ ಅವರು ಹೇಳಿದ ದರಕ್ಕೇ ಚೀಲ ಇಳಿಸಿಕೊಳ್ಳಬೇಕು. ದರ ನಡುವೆ ಏರಿತು. ಕೇಳಿದರೆ, "ಕೊನೆಗೆ ನಾವೇ ಹೆಚ್ಚಿನ ರೇಟಿಗೆ ಒಯ್ಯೋರಲ್ರೀ ಅಣ್ಣಾರ" ಅಂತ ಸಮಾಧಾನ.

ಇನ್ನು ಬಂದ ಮರಿಯ ಬಗ್ಗೆ. ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ರಾತ್ರಿ ಗಾಡಿ ಬಂತು. ಚೀಲಕ್ಕೆ ಇಷ್ಟು ಸಾವಿರ ಅಂತ ಬಾಯಿಲೆಕ್ಕ, ಒಂದು ಚೀಲವನ್ನೂ ಎಣಿಸಿ ಕೊಡಲಿಲ್ಲ. ಚೀಲವನ್ನು ಹಾಗೇ ಹದಿನೈದು ಇಪ್ಪತ್ತು ನಿಮಿಷ ಹೊಂಡದ ನೀರಿನಲ್ಲಿ ತೇಲಲು ಬಿಟ್ಟು, ಒಳಗಿನ ನೀರು ಹೊರಗಿನ ನೀರು ಒಂದೇ ಹದಕ್ಕೆ ಬಂದ ಮೇಲೆ ಬಾಯಿ ಬಿಚ್ಚಬೇಕು. ಗಾಡಿಯವರು ದಂಡೆಯಿಂದಲೇ ಸುರಿದು ಹೊರಟರು. ಬಲಿತ ಮರಿ ಅಂತ ದುಡ್ಡು ಪಡೆದು ಕೊಟ್ಟಿದ್ದು ಉಗುರುದ್ದದ ಮರಿ. ಕೆಲವು ತಿಂಗಳಾದ ಮೇಲೆ ಬಲೆ ಎಳೆದಾಗ ಪೊರೆ ಇಲ್ಲದ, ಮೀಸೆ ಇರುವ ಕಪ್ಪು ಮೀನುಗಳೂ ಬಂದವು. ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿದಾಗ ಅವು ಆಫ್ರಿಕನ್ ಕ್ಯಾಟ್‌ಫಿಶ್ ಅಂದರು. ಇವನ್ನು ಸಾಕುವುದನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಜೊತೆಗಿರುವ ಸಣ್ಣ ಮೀನುಗಳನ್ನೇ ತಿಂದು ಬೆಳೆಯುವ ಜಾತಿ ಅದು. ಹೊಂಡದಿಂದ ಹಳ್ಳಕ್ಕೆ ದಾಟಿದರೆ ಅಲ್ಲಿಯ ಮೀನಿಗೂ ಉಳಿಗಾಲವಿಲ್ಲ. ಇಲಾಖೆಯವರು ಹೇಳಿದಂತೆ ಅವನ್ನೆಲ್ಲ ಹಿಡಿದು ಹೂಳಿದೆವು. ನಿಷೇಧವಾದ ಮೀನನ್ನು ರೈತನ ಹೊಂಡಕ್ಕೆ ಸುರಿದು ಹೋಗುವುದು ಬರೀ ಮೋಸವಲ್ಲ, ಅಪರಾಧ ಅಂತಲೇ ನಾನು ಹೇಳುತ್ತೇನೆ.

ಶ್ರಾವಣದಲ್ಲಿ ಮೋಡ ಕವಿದು ಬಿಸಿಲೇ ಬೀಳದ ದಿನಗಳು ಬಂದವು. ತಿನ್ನದೆ ಉಳಿದ ಫೀಡ್ ತಳದಲ್ಲಿ ಕೊಳೆತು ನೀರು ಕಡುಹಸಿರಾಗಿತ್ತು. ಹಸಿರು ಪಾಚಿ ಹಗಲು ಬಿಸಿಲಿದ್ದಾಗ ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಅದನ್ನು ಹೀರುತ್ತದೆ. ಮೋಡವಿದ್ದರೆ ಹಗಲಿನ ಗಳಿಕೆ ಇಲ್ಲ, ರಾತ್ರಿಯ ಖರ್ಚು ಮಾತ್ರ. ಹೀಗಾಗಿ ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಅಂಥ ಒಂದು ನಸುಕಿನಲ್ಲಿ ತಮ್ಮನ ಹೆಂಡತಿ ಹೊಲಕ್ಕೆ ಹೋದಾಗ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಒದ್ದಾಡುತ್ತಿದ್ದವು. ನೀರಿಗೆ ಗಾಳಿ ಕೂಡಿಸುವ ಯಂತ್ರ, ಏರೇಟರ್, ಇತ್ತು. ಅದನ್ನೂ ಕಂಪನಿಯೇ ಮಾರಿತ್ತು. ಆದರೆ ಹೊಲಕ್ಕೆ ಮೂರು ಫೇಸ್ ಕರೆಂಟ್ ಬರುವುದು ದಿನಕ್ಕೆ 7 ತಾಸು, ಆ ಹೊತ್ತಿಗೆ ಇರಲಿಲ್ಲ. ಡೀಸೆಲ್ ಪಂಪ್ ತಂದು ನೀರನ್ನು ಮೇಲಿಂದ ಚಿಮ್ಮಿಸುವಷ್ಟರಲ್ಲಿ ಬಹಳಷ್ಟು ಸತ್ತಿದ್ದವು. ಮನೆಮಂದಿ ಎಲ್ಲ ಸೇರಿ ಬುಟ್ಟಿಗಟ್ಟಲೆ ಎತ್ತಿ ತಗ್ಗು ತೋಡಿ ಮುಚ್ಚಿದೆವು. ತಮ್ಮ ಎರಡು ದಿನ ಉಣ್ಣಲಿಲ್ಲ.

ಕಂಪನಿಗೆ ಫೋನ್ ಮಾಡಿದರೆ ಕರಾರಿನ ಇನ್ನೊಂದು ಸಾಲು ತೋರಿಸಿದರು. ಇಷ್ಟಕ್ಕಿಂತ ಹೆಚ್ಚು ಮೀನು ಸತ್ತರೆ ಜವಾಬ್ದಾರಿ ರೈತನದು. ಒಂದು ಕೆ.ಜಿ.ಗಿಂತ ಕಡಿಮೆ ತೂಗುವ ಮೀನನ್ನು ಒಯ್ಯುವುದಿಲ್ಲ. ವ್ಯಾಜ್ಯ ಬಂದರೆ ಹೊರರಾಜ್ಯದ ಕೋರ್ಟಿನಲ್ಲೇ ನಡೆಯಬೇಕು. ಇಷ್ಟೂ ಇಂಗ್ಲಿಷಿನಲ್ಲಿತ್ತು, ಸಹಿ ಹಾಕಿಸುವಾಗ ಕನ್ನಡದಲ್ಲಿ ಓದಿ ಹೇಳಿದ್ದು ದರದ ಸಾಲು ಮಾತ್ರ. ಉಳಿದ ಮೀನಾದರೂ ಒಯ್ಯಿರಿ ಅಂದರೆ ಇವತ್ತು ನಾಳೆ ಅಂತ ದಿನ ದೂಡಿದರು. ಆಮೇಲೆ ನಂಬರ್ ಬಂದ್ ಆಯಿತು. ವಿಜಯಪುರದ ಆಫೀಸಿಗೆ ಹೋದರೆ ಬೋರ್ಡ್ ಇರಲಿಲ್ಲ. ಠೇವಣಿ ಅಂತ ಕಟ್ಟಿಸಿಕೊಂಡ ದುಡ್ಡೂ ಹೋಯಿತು.

ಕೊನೆಗೆ ವ್ಯಾಪಾರಿಗಳ ಹತ್ತಿರ ಹೋದೆವು. ಆಲಮಟ್ಟಿ ಹಿನ್ನೀರಿನ ಮೀನು ಬರುವ ಪೇಟೆಯಲ್ಲಿ ಹೊಂಡದ ಸಣ್ಣ ಮೀನನ್ನು ಯಾರು ಕೇಳುತ್ತಾರೆ? ಕೆಸರು ವಾಸನೆ ಅಂತ ದರ ಇಳಿಸಿದರು. ಅವರನ್ನು ದೂರಲಾರೆ, ಹಿನ್ನೀರಿನಲ್ಲಿ ರಾತ್ರಿಯಿಡೀ ಬಲೆ ಕಾಯುವ ಅಂಬಿಗರ ಮನೆಗಳಿಗೇ ಸಿಗುವ ದರ ಅಷ್ಟಕ್ಕಷ್ಟೆ. ಆದರೆ ಕರಾರಿನಲ್ಲಿ ಬರೆದ ದರ ಯಾವ ಪೇಟೆಯಲ್ಲೂ ಇಲ್ಲ ಅನ್ನುವುದು ಅಲ್ಲಿ ತಿಳಿಯಿತು. ಮರಿ ಬಿಡುವ ಮೊದಲೇ ಪೇಟೆಗೆ ಹೋಗಿ ಇಬ್ಬರು ಮೂವರು ವ್ಯಾಪಾರಿಗಳನ್ನು ಕೇಳಿ ನೋಡಿ. ಕಂಪನಿ ಹೇಳುವ ದರ ಅದಕ್ಕಿಂತ ಬಹಳ ಮೇಲಿದ್ದರೆ ಅವರು ಮೀನು ಒಯ್ಯುವವರಲ್ಲ. ಈ ಥರದ ಮೋಸ ಹೊಸದೂ ಅಲ್ಲ. 2012ರ ಸುಮಾರಿಗೆ ತಮಿಳುನಾಡಿನ ಪೆರುಂದುರೈ ಕಡೆ ಈಮು ಹಕ್ಕಿ ಸಾಕಿಸಿದವರೂ ಮರಿ, ಮೇವು ತಾವೇ ಕೊಟ್ಟು ತಿಂಗಳ ಹಣ ಕೊಡುತ್ತೇವೆ ಅಂತಲೇ ಸಾವಿರಾರು ಜನರಿಂದ ಠೇವಣಿ ಎತ್ತಿದ್ದರು.

ಸಾಕಲೇಬೇಕು ಅನ್ನುವವರು ಮೊದಲು ಭೂತನಾಳಕ್ಕೆ ಹೋಗಿ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಅಲ್ಲಿದೆ. ನಿಮ್ಮ ಹೊಂಡದ ಅಳತೆ ಹೇಳಿ, ಎಷ್ಟು ಮರಿ, ಯಾವ ಜಾತಿ ಅಂತ ಅಲ್ಲೇ ಕೇಳಿ. ಬೇಸಿಗೆಯಲ್ಲಿ ದ್ರಾಕ್ಷಿಗೆ ನೀರು ಬಿಟ್ಟ ಮೇಲೆ ಹೊಂಡದಲ್ಲಿ ಎಷ್ಟು ಉಳಿಯುತ್ತದೆ ಅನ್ನುವುದನ್ನೂ ಹೇಳಿ. ಇನ್ನೊಂದು ಮಾತು. ಏಜೆಂಟರು ಪ್ರಧಾನಮಂತ್ರಿ ಮತ್ಸ್ಯ ಸಂಪದದ ಹೆಸರು ತೆಗೆದು ಸಬ್ಸಿಡಿ ಕೊಡಿಸುತ್ತೇವೆ ಅಂತ ಮೊದಲೇ ದುಡ್ಡು ಕೇಳುತ್ತಾರೆ. 2020ರಲ್ಲಿ ಶುರುವಾದ ಆ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ. 60 ಸಹಾಯಧನ ಇರುವುದು ನಿಜ. ಆದರೆ ಅರ್ಜಿ ಹೋಗಬೇಕಾದದ್ದು ಮೀನುಗಾರಿಕೆ ಇಲಾಖೆಗೆ, ನಡುವೆ ಯಾರಿಗೂ ಕಮಿಷನ್ ಕೊಡಬೇಕಿಲ್ಲ.

ಈಗಾಗಲೇ ಸಿಕ್ಕಿಬಿದ್ದವರು ಹೊರರಾಜ್ಯದ ಕೋರ್ಟ್ ಅನ್ನುವ ಸಾಲಿಗೆ ಹೆದರಿ ಸುಮ್ಮನೆ ಕೂರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕಾಗಿ ಕೊಂಡವರೂ ಆ ಕಾಯ್ದೆಯಲ್ಲಿ ಗ್ರಾಹಕರೇ. ಠೇವಣಿ ಕಟ್ಟಿಸಿಕೊಂಡು ಓಡಿಹೋದವರ ಮೇಲೆ ಪೊಲೀಸ್ ದೂರು ಕೊಡುವಾಗ 2004ರ ಕರ್ನಾಟಕ ಠೇವಣಿದಾರರ ಹಿತರಕ್ಷಣಾ ಕಾಯ್ದೆಯನ್ನೂ ಉಲ್ಲೇಖಿಸಲು ಕೇಳಿ, ಅದರಡಿ ಅವರ ಆಸ್ತಿ ಜಪ್ತಿ ಮಾಡಲು ಅವಕಾಶವಿದೆ. ಬಾಂಡ್ ಪೇಪರ್, ಫೀಡ್ ಬಿಲ್, ಬ್ಯಾಂಕಿನ ಪಾವತಿ, ಸತ್ತ ಮೀನಿನ ಫೋಟೊ, ಫೋನಿನಲ್ಲಿರುವ ಮೆಸೇಜು ಒಂದನ್ನೂ ಅಳಿಸಬೇಡಿ. ನಾವು ದೂರು ಕೊಟ್ಟಿದ್ದೇವೆ. ಇಂಡಿ, ಬಸವನ ಬಾಗೇವಾಡಿ ಕಡೆಯವರೂ ಇದೇ ಥರದ ಕರಾರಿಗೆ ಸಹಿ ಹಾಕಿದ್ದಾರೆ ಅಂತ ಕೇಳಿದ್ದೇವೆ. ನಿಮ್ಮ ಹತ್ತಿರವೂ ಅಂಥ ಕಾಗದವಿದ್ದರೆ ಝೆರಾಕ್ಸ್ ತೆಗೆದಿಟ್ಟುಕೊಂಡು ಈ ವಾರವೇ ನಿಮ್ಮ ಠಾಣೆಗೆ ಹೋಗಿ.