ಮೊದಲ ದಿನಕ್ಕೆ ಐದಕ್ಕೆ ಎರಡು, ಎರಡನೇ ದಿನಕ್ಕೆ ನಾಲ್ಕೂವರೆ: ಎರಡು ದಿನದ ಡೈವರ್ಸಿಟಿ ತರಬೇತಿ ಹೇಗಿತ್ತು

ಕಳೆದ ತಿಂಗಳು ಯಶವಂತಪುರದ ಹತ್ತಿರ ಒಂದು ಹೋಟೆಲಿನಲ್ಲಿ ಎರಡು ದಿನದ ತರಬೇತಿಗೆ ಹೋಗಿದ್ದೆ. ಕಂಪನಿಗಳ ಮೇಲಿನ ಕುರ್ಚಿಗಳಲ್ಲಿ ಹೆಂಗಸರು, ಬೇರೆ ಬೇರೆ ಹಿನ್ನೆಲೆಯವರು ಎಷ್ಟಿದ್ದಾರೆ, ಅವರಿದ್ದರೆ ಏನಾಗುತ್ತದೆ, ಈ ಬಗ್ಗೆ ನಡೆದ ಸಂಶೋಧನೆ ಏನು ಹೇಳುತ್ತದೆ ಅನ್ನೋದು ವಿಷಯ. ಶುಲ್ಕ 18,000 ರೂಪಾಯಿ, ಮೇಲೆ ಜಿಎಸ್‌ಟಿ, ಒಟ್ಟು 21,240. ನನ್ನದನ್ನು ಕಂಪನಿ ಕಟ್ಟಿತು. ಆದರೆ ಬಂದಿದ್ದ 32 ಜನರಲ್ಲಿ ಕೆಲವರು ಸ್ವಂತ ದುಡ್ಡು ಹಾಕಿಕೊಂಡು ಬಂದಿದ್ದರು. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಡೆಸಿದವರ ಹೆಸರು ಹಾಕುವುದಿಲ್ಲ. ಹೆಚ್ಚುಕಡಿಮೆ ಇದೇ ಪಾಠವನ್ನು ಊರಲ್ಲಿ ಬೇರೆಯವರೂ ಮಾಡುತ್ತಾರೆ. ಯಾರ ಹತ್ತಿರ ಹೋದರೂ ದುಡ್ಡು ಕಟ್ಟುವ ಮೊದಲು ಏನು ಕೇಳಬೇಕು ಅಂತ ಗೊತ್ತಿದ್ದರೆ ಸಾಕು.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಕಂಪನಿ ಸೆಕ್ರೆಟರಿ. ಊರು ಗದಗ. ಪೀಣ್ಯದ ಒಂದು ಲಿಸ್ಟೆಡ್ (ಷೇರು ಮಾರುಕಟ್ಟೆಯಲ್ಲಿರುವ) ಕಂಪನಿಯಲ್ಲಿ 16 ವರ್ಷದಿಂದ ಇದ್ದೇನೆ. ಬೋರ್ಡ್ ಮೀಟಿಂಗಿಗೆ ನೋಟಿಸ್ ಕಳಿಸೋದು, ಹಾಜರಿ ಪುಸ್ತಕಕ್ಕೆ ಸಹಿ ತಗೊಳ್ಳೋದು, ಮಿನಿಟ್ಸ್ ಬರೆಯೋದು ನನ್ನ ಕೆಲಸ. ವರ್ಷಕ್ಕೊಮ್ಮೆ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಕೇಳುವ, ಕಂಪನಿಯ ಸಾಮಾಜಿಕ, ಪರಿಸರ ಹೊಣೆಗಾರಿಕೆಯ ಬಿಆರ್‌ಎಸ್‌ಆರ್ ವರದಿ ತುಂಬುವುದೂ ನಾನೇ. ಅದರಲ್ಲಿ ಒಂದು ಕೋಷ್ಟಕ ಇದೆ. ಬೋರ್ಡಿನಲ್ಲಿ ಒಟ್ಟು ಎಷ್ಟು ಜನ, ಅದರಲ್ಲಿ ಮಹಿಳೆಯರೆಷ್ಟು. ನಮ್ಮದು ಏಳರಲ್ಲಿ ಒಬ್ಬರು. ಪ್ರತಿ ವರ್ಷ 14.29 ಅಂತ ಟೈಪ್ ಮಾಡುತ್ತೇನೆ. ಅದರ ಕೆಳಗಿನ ಸಾಲು ಕೆಎಂಪಿ, ಅಂದರೆ ಕಂಪನಿ ನಡೆಸುವ ಮುಖ್ಯ ಅಧಿಕಾರಿಗಳು: ಎಂಡಿ, ಹಣಕಾಸು ಮುಖ್ಯಸ್ಥರಾದ ಸಿಎಫ್‌ಒ, ಕಂಪನಿ ಸೆಕ್ರೆಟರಿ. ಮೂವರಲ್ಲಿ ಒಬ್ಬರು, 33.33. ಆ ಒಬ್ಬರು ನಾನು. ಹಾಗಾಗಿ ಈ ಅಂಕಿಗಳು ನನಗೆ ದೂರದ ಮಾತಲ್ಲ.

ಮೊದಲು ಸಣ್ಣಪುಟ್ಟದ್ದು ಮುಗಿಸಿಬಿಡುತ್ತೇನೆ. ಜಾಗ ಚೆನ್ನಾಗಿತ್ತು, ಮೆಟ್ರೋದಿಂದ ನಡೆದು ಹೋಗಬಹುದು. ಊಟಕ್ಕೆ ತೊಂದರೆ ಇಲ್ಲ. ಎರಡೂ ದಿನ ಸಮಯಕ್ಕೆ ಸರಿಯಾಗಿ ಶುರು ಮಾಡಿದರು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಟೀ ಹೊತ್ತಿನಲ್ಲಿ ಮಾತ್ರ ಕನ್ನಡ, ನಿಜವಾದ ಪ್ರಶ್ನೆಗಳು ಹೊರಬಂದಿದ್ದೂ ಆಗಲೇ. 64 ಪುಟದ ಸ್ಪೈರಲ್ ಪುಸ್ತಕ ಕೊಟ್ಟರು. ಅದರಲ್ಲಿ 40 ಪುಟ ಅಮೆರಿಕದ್ದು.

ಮೊದಲ ದಿನದ ಪಾಠ ಮಾಡಿದವರು ಚುರುಕಾದ ಹುಡುಗ. ಆದರೆ ಶುರುವಿನಲ್ಲೇ ಒಂದು ತಪ್ಪಾಯಿತು. ಪರದೆ ಮೇಲೆ ದೊಡ್ಡದಾಗಿ 39 ಪರ್ಸೆಂಟ್ ಅಂತ ಬಂತು. ‘ಮಹಿಳೆಯರು ಜಾಸ್ತಿ ಇರುವ ಕಂಪನಿಗೆ 39 ಪರ್ಸೆಂಟ್ ಜಾಸ್ತಿ ಲಾಭ’ ಅಂದರು. ಎಲ್ಲರೂ ಬರೆದುಕೊಂಡರು.

ಈ ಅಂಕಿ ಅಮೆರಿಕದ ಸಲಹಾ ಸಂಸ್ಥೆ ಮೆಕಿನ್ಸೆಯ 2023ರ ವರದಿಯದು. ಅದರಲ್ಲಿ ಹೇಳಿರುವುದೇ ಬೇರೆ. ಅವರು 23 ದೇಶಗಳ 1,265 ಕಂಪನಿ ನೋಡಿದರು. ಮೇಲಿನ ಹುದ್ದೆಗಳಲ್ಲಿ ಮಹಿಳೆಯರ ಪ್ರಮಾಣದ ಪ್ರಕಾರ ಸಾಲಾಗಿ ನಿಲ್ಲಿಸಿ ನಾಲ್ಕು ಭಾಗ ಮಾಡಿದರು. ಮೇಲಿನ ಕಾಲುಭಾಗದ ಕಂಪನಿಗಳು ಒಳ್ಳೆಯ ಲಾಭದ ಸಾಲಿನಲ್ಲಿ ಇರುವ ಸಾಧ್ಯತೆ, ಕೆಳಗಿನ ಕಾಲುಭಾಗಕ್ಕಿಂತ 39 ಪರ್ಸೆಂಟ್ ಜಾಸ್ತಿ ಅಂದರು. ಸಾಧ್ಯತೆ, ಲಾಭ ಅಲ್ಲ. ಕೆಳಗಿನ ಗುಂಪಿನ 100 ಕಂಪನಿಯಲ್ಲಿ 40 ಚೆನ್ನಾಗಿ ನಡೆಯುತ್ತಿವೆ ಅಂದುಕೊಳ್ಳಿ. ಮೇಲಿನ ಗುಂಪಿನಲ್ಲಿ ಸುಮಾರು 56 ಇರುತ್ತವೆ, ಅಷ್ಟೇ. ಇದನ್ನು ನಾನು ಎದ್ದು ನಿಂತು ಹೇಳಿದೆ. ಅವರು ಒಪ್ಪಿಕೊಂಡರು, ತಿದ್ದಿದರು. ಅದು ನನಗೆ ಇಷ್ಟವಾಯಿತು. ಆದರೆ ಪುಸ್ತಕದಲ್ಲಿ ತಪ್ಪು ಹಾಗೇ ಅಚ್ಚಾಗಿದೆ.

ಇದೇ ವರದಿಯ ಸರಣಿ 2015ರಲ್ಲಿ 366 ಕಂಪನಿಗಳಿಂದ ಶುರುವಾಗಿದ್ದು. ಆಗ ಮಹಿಳೆಯರ ವಿಷಯದಲ್ಲಿ ಈ ಅಂಕಿ 15, ಜನಾಂಗದ ವಿಷಯದಲ್ಲಿ 35. 2018ರಲ್ಲಿ 21 ಮತ್ತು 33. 2020ರಲ್ಲಿ 25 ಮತ್ತು 36. 2023ರಲ್ಲಿ ಎರಡೂ 39. ಈ ಏರುವ ಗೆರೆಯನ್ನು ತೋರಿಸಿ ‘ವರ್ಷ ವರ್ಷ ಗಟ್ಟಿಯಾಗುತ್ತಿದೆ’ ಅಂದರು. ಆದರೆ 2024ರಲ್ಲಿ ಜೆರೆಮಿಯಾ ಗ್ರೀನ್, ಜಾನ್ ಹ್ಯಾಂಡ್ ಅನ್ನೋ ಇಬ್ಬರು ಅಕೌಂಟಿಂಗ್ ಪ್ರೊಫೆಸರುಗಳು ಇದನ್ನು ಮರುಪರೀಕ್ಷೆ ಮಾಡಿದ್ದನ್ನು ಹೇಳಲೇ ಇಲ್ಲ. ಮೆಕಿನ್ಸೆ ಕಂಪನಿಗಳ ಪಟ್ಟಿ ಬಿಟ್ಟುಕೊಟ್ಟಿರಲಿಲ್ಲ. ಹಾಗಾಗಿ ಅವರು ಎಸ್ ಆ್ಯಂಡ್ ಪಿ 500, ಅಂದರೆ ಅಮೆರಿಕದ ದೊಡ್ಡ ಲಿಸ್ಟೆಡ್ ಕಂಪನಿಗಳ ಪಟ್ಟಿ ತಗೊಂಡು, ಜನಾಂಗದ ವಿಷಯದಲ್ಲಿ ಅದೇ ಲೆಕ್ಕ ಹಾಕಿದರು. ಅಂಥ ಸಂಬಂಧ ಸಿಗಲಿಲ್ಲ. ಇನ್ನೊಂದು ವಿಷಯವನ್ನೂ ಎತ್ತಿ ತೋರಿಸಿದರು. ಲಾಭದ ಲೆಕ್ಕ ಹಿಂದಿನ ವರ್ಷಗಳದ್ದು, ತಲೆ ಎಣಿಸಿದ್ದು ಆಮೇಲೆ. ಅಂದರೆ ಚೆನ್ನಾಗಿ ನಡೆಯುತ್ತಿದ್ದ ಕಂಪನಿಗಳೇ ಆಮೇಲೆ ಬೇರೆ ಬೇರೆ ಜನಾಂಗದವರನ್ನು ಹೆಚ್ಚು ತಗೊಂಡಿರಬಹುದು. ಮೆಕಿನ್ಸೆ ತನ್ನ ಮಾತಿಗೆ ಬದ್ಧ ಅಂತ ಹೇಳಿದೆ. ಎರಡೂ ಕಡೆಯದನ್ನು ಹೇಳಿದ್ದರೆ ನಮಗೆ ಉಪಕಾರವಾಗುತ್ತಿತ್ತು.

ನಾನು ಇಷ್ಟು ಹಠ ಹಿಡಿಯುವುದಕ್ಕೆ ಕಾರಣ ಇದೆ. ಲಾಭ ಬರುತ್ತೆ ಅಂತ ಹೇಳಿ ಹೆಂಗಸರಿಗೆ ಕುರ್ಚಿ ಕೊಡಿಸಿದರೆ, ಲಾಭ ಬರದ ವರ್ಷ ಏನು ಹೇಳುತ್ತೀರಿ? ಗಂಡಸರನ್ನು ಬೋರ್ಡಿಗೆ ತಗೊಳ್ಳುವಾಗ ಯಾರೂ ಇಂಥ ಲೆಕ್ಕ ಕೇಳಿದ್ದನ್ನು ನನ್ನ 16 ವರ್ಷದಲ್ಲಿ ನಾನು ಮಿನಿಟ್ಸಿನಲ್ಲಿ ಬರೆದಿಲ್ಲ.

ನಾರ್ವೆಯ ಉದಾಹರಣೆಯನ್ನೂ ಅರ್ಧ ಹೇಳಿದರು. 2003ರ ಕಾನೂನು, ಬೋರ್ಡಿನಲ್ಲಿ ಶೇ. 40 ಮಹಿಳೆಯರು, 2008ರೊಳಗೆ ಆಗಲೇಬೇಕು, ಇಲ್ಲದಿದ್ದರೆ ಕಂಪನಿಯನ್ನೇ ಮುಚ್ಚಿಸಬಹುದು. ಇಷ್ಟಕ್ಕೇ ಸ್ಲೈಡ್ ಮುಗೀತು. ಆಮೇಲಿನದೇ ಕಲಿಯಬೇಕಾದ್ದು. 2012ರಲ್ಲಿ ಅಹೆರ್ನ್ ಮತ್ತು ಡಿಟ್‌ಮಾರ್ ಕಂಪನಿಗಳ ಬೆಲೆ ಬಿತ್ತು ಅಂದರು. ಹತ್ತು ವರ್ಷದ ನಂತರ ಎಕ್ಬೊ ಮತ್ತು ಜೊತೆಗಾರರು ಅದೇ ಲೆಕ್ಕ ಮತ್ತೆ ಹಾಕಿ, ಹಾಗೆ ಹೇಳುವಷ್ಟು ಆಧಾರ ಇಲ್ಲ ಅಂದರು. 2019ರಲ್ಲಿ ಮರಿಯಾನ್ ಬರ್ಟ್ರಾಂಡ್ ಮತ್ತು ಸಂಗಡಿಗರು ಇನ್ನೊಂದು ಪ್ರಶ್ನೆ ಕೇಳಿದರು. ಹೊಸದಾಗಿ ಬಂದ ಮಹಿಳಾ ನಿರ್ದೇಶಕರು ಹೇಗಿದ್ದರು? ಹಿಂದಿನ ಮಹಿಳಾ ನಿರ್ದೇಶಕರಿಗಿಂತ ಅರ್ಹತೆಯಲ್ಲಿ ಮೇಲೆ. ‘ಯೋಗ್ಯರು ಸಿಗಲ್ಲ’ ಅನ್ನೋ ಭಯ ಸುಳ್ಳಾಯಿತು. ಆದರೆ ಅದೇ ಕಂಪನಿಗಳಲ್ಲಿ ಕೆಳಗಿನ ಹಂತದ ಹೆಂಗಸರಿಗೆ ಇದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಮೇಲೆ ಸುರಿದದ್ದು ತಾನಾಗಿ ಕೆಳಗೆ ಹರಿಯಲಿಲ್ಲ.

ನನ್ನ ಮನಸ್ಸಿಗೆ ಹತ್ತಿರವಾದ ಅಧ್ಯಯನ 2009ರದು. ರೆನೆ ಆಡಮ್ಸ್ ಮತ್ತು ಡೇನಿಯಲ್ ಫೆರೇರಾ ಮಾಡಿದ್ದು, ಅಮೆರಿಕದ ಬೋರ್ಡುಗಳ ಮೇಲೆ. ಮಹಿಳಾ ನಿರ್ದೇಶಕರು ಮೀಟಿಂಗ್ ತಪ್ಪಿಸುವುದು ಕಡಿಮೆ. ಬೋರ್ಡಿನಲ್ಲಿ ಮಹಿಳೆಯರು ಜಾಸ್ತಿ ಇದ್ದಷ್ಟೂ ಗಂಡಸರ ಹಾಜರಿಯೂ ಸರಿಯಾಗುತ್ತದೆ. ಆದರೆ ಮೊದಲೇ ಉಸ್ತುವಾರಿ ಬಿಗಿಯಾಗಿದ್ದ ಕಂಪನಿಗಳಲ್ಲಿ ಫಲಿತಾಂಶ ಅಷ್ಟು ಚೆನ್ನಾಗಿರಲಿಲ್ಲ ಅಂತಲೂ ಅವರೇ ಬರೆದಿದ್ದಾರೆ. ಹಾಜರಿ ಪುಸ್ತಕ ಹಿಡಿದು ಓಡಾಡುವವಳಿಗೆ ಇದು ಕಣ್ಣಾರೆ ಕಂಡ ಮಾತು.

ನಮ್ಮ ಕಂಪನಿಯದನ್ನೇ ಹೇಳುತ್ತೇನೆ. 2013ರ ಕಂಪನಿ ಕಾಯ್ದೆಯ 149ನೇ ಸೆಕ್ಷನ್ ಪ್ರಕಾರ ಲಿಸ್ಟೆಡ್ ಕಂಪನಿಗೆ ಕನಿಷ್ಠ ಒಬ್ಬ ಮಹಿಳಾ ನಿರ್ದೇಶಕಿ ಬೇಕು. ಸೆಬಿ ಕೊಟ್ಟ ಕೊನೆಯ ಗಡುವು 2015ರ ಏಪ್ರಿಲ್ 1. ಮಾರ್ಚ್ ಕೊನೆಯ ವಾರ ನಾನು ನಿರ್ದೇಶಕರ ನೇಮಕ ತಿಳಿಸುವ ಡಿಐಆರ್-12 ಫಾರ್ಮ್ ತುಂಬಿದ್ದು ಮಾಲೀಕರ ಮನೆಯವರೊಬ್ಬರ ಹೆಸರಿಗೆ. ಆಗ ಬೇಕಾದಷ್ಟು ಕಂಪನಿಗಳು ಇದನ್ನೇ ಮಾಡಿದವು. ಅವರು ಒಳ್ಳೆಯವರು. ಆದರೆ ಐದು ವರ್ಷದಲ್ಲಿ ಅವರು ಕೇಳಿದ ಒಂದೇ ಒಂದು ಪ್ರಶ್ನೆಯೂ ನನ್ನ ಮಿನಿಟ್ಸಿನಲ್ಲಿ ಇಲ್ಲ. ಪೆನ್ಸಿಲಿನಲ್ಲಿ ಗುರುತು ಹಾಕಿದ ಜಾಗದಲ್ಲಿ ಸಹಿ ಹಾಕುತ್ತಿದ್ದರು. 2020ರ ಏಪ್ರಿಲ್‌ನಿಂದ ಷೇರು ಮಾರುಕಟ್ಟೆ ಬೆಲೆಯಲ್ಲಿ ಮೊದಲ 1,000 ಕಂಪನಿಗಳಿಗೆ ಆ ಮಹಿಳೆ ಸ್ವತಂತ್ರ ನಿರ್ದೇಶಕಿಯೇ, ಅಂದರೆ ಮಾಲೀಕರಿಗೆ ಸಂಬಂಧವಿಲ್ಲದವರೇ, ಆಗಿರಬೇಕು ಅಂತ ನಿಯಮ ಬಂತು. ಆಗ ಬಂದವರು ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯ ಮೇಡಂ.

ಅವರ ಎರಡನೇ ಆಡಿಟ್ ಕಮಿಟಿ ಮೀಟಿಂಗ್ ನನಗೆ ಚೆನ್ನಾಗಿ ನೆನಪಿದೆ. ಫೈಲಿನ 47ನೇ ಪುಟ ತೆಗೆದರು. 180 ದಿನ ದಾಟಿದ ಬಾಕಿ ಪಟ್ಟಿಯ ಮೇಲೆ ಬೆರಳಿಟ್ಟು, ‘ಈ ಮೂರು ಪಾರ್ಟಿ ಹೋದ ಸಲವೂ ಇದ್ದರಲ್ಲ, ಇವರಿಗೆ ಮತ್ತೆ ಮಾಲು ಕೊಟ್ಟಿದ್ದೀರಾ?’ ಅಂದರು. ಕೊಟ್ಟಿದ್ದೆವು. ಸಿಎಫ್‌ಒ ಲೆಡ್ಜರ್ ತರಿಸಿದರು. ಅವತ್ತು ಮೀಟಿಂಗ್ ಮುಕ್ಕಾಲು ಗಂಟೆ ಜಾಸ್ತಿ ನಡೆಯಿತು. ಮುಂದಿನ ಸಲದಿಂದ ಬೇರೆ ನಿರ್ದೇಶಕರೂ ಫೈಲ್ ಓದಿಕೊಂಡು ಬರತೊಡಗಿದರು. ನನ್ನ ಮಿನಿಟ್ಸ್ ನಾಲ್ಕು ಪುಟದಿಂದ ಒಂಬತ್ತು ಪುಟವಾಯಿತು. ಇದರಿಂದ ಲಾಭ ಎಷ್ಟು ಪರ್ಸೆಂಟ್ ಏರಿತು ಅಂತ ಕೇಳಿದರೆ ಉತ್ತರ ಕೊಡಲಾರೆ. ಕೆಲಸ ಕೆಲಸದ ಹಾಗೆ ನಡೆಯತೊಡಗಿತು.

ಮೊದಲ ದಿನ ಮಧ್ಯಾಹ್ನ ಜನಾಂಗದ ವಿಷಯ. ಅಮೆರಿಕದ ಮಟ್ಟಿಗೆ ಚೆನ್ನಾಗಿ ಹೇಳಿದರು. 2009ರಲ್ಲಿ ಜೆರಾಕ್ಸ್ ಮುಖ್ಯಸ್ಥೆಯಾದ ಉರ್ಸುಲಾ ಬರ್ನ್ಸ್, ಫಾರ್ಚೂನ್ 500 ಕಂಪನಿಯೊಂದರ ಮೊದಲ ಕಪ್ಪು ಮಹಿಳಾ ಸಿಇಒ. 2004ರ ಒಂದು ಪ್ರಯೋಗವನ್ನೂ ವಿವರಿಸಿದರು. ಬಾಸ್ಟನ್, ಶಿಕಾಗೋದಲ್ಲಿ ಒಂದೇ ಥರದ ಅರ್ಜಿಗಳನ್ನು ಬೇರೆ ಬೇರೆ ಹೆಸರಲ್ಲಿ ಕಳಿಸಿದ್ದು. ಎಮಿಲಿ, ಗ್ರೆಗ್ ಥರದ ಬಿಳಿಯರ ಹೆಸರಿಗೆ, ಲಕೀಶಾ, ಜಮಾಲ್ ಥರದ ಕಪ್ಪು ಜನರ ಹೆಸರಿಗಿಂತ ಶೇ. 50ರಷ್ಟು ಜಾಸ್ತಿ ಕರೆ ಬಂತು.

ನನ್ನ ಪಕ್ಕ ಕೂತಿದ್ದವರು ಚಾಮರಾಜನಗರದ ಕಡೆಯ ಒಬ್ಬ ಎಚ್‌ಆರ್ ಮ್ಯಾನೇಜರ್. ಸ್ವಂತ ದುಡ್ಡು ಕಟ್ಟಿ ಬಂದಿದ್ದವರಲ್ಲಿ ಅವರೂ ಒಬ್ಬರು. ಮೆಲ್ಲಗೆ ಬಗ್ಗಿ, ‘ಮೇಡಂ, ನಮ್ಮ ಸ್ಲೈಡ್ ಯಾವಾಗ ಬರುತ್ತೆ?’ ಅಂದರು. ಬರಲಿಲ್ಲ. ಜಾತಿ ಅನ್ನೋ ಪದ ಆ ದಿನ ಒಂದು ಸಲವೂ ಪರದೆ ಮೇಲೆ ಕಾಣಲಿಲ್ಲ.

ಜಾತಿ ಬಗ್ಗೆ ಸಂಶೋಧನೆ ಇಲ್ಲ ಅಂತೇನಿಲ್ಲ. ಹೆಸರಿನ ಪ್ರಯೋಗವನ್ನೇ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ ನಮ್ಮ ದೇಶದಲ್ಲಿ ಮಾಡಿ 2007ರಲ್ಲಿ ಪ್ರಕಟಿಸಿದರು. ಮೇಲ್ಜಾತಿ ಹಿಂದೂ ಹೆಸರಿಗಿಂತ ದಲಿತ ಮತ್ತು ಮುಸ್ಲಿಂ ಹೆಸರಿಗೆ ಕರೆ ಬರುವ ಸಾಧ್ಯತೆ ಕಡಿಮೆ ಅಂತ ಕಂಡುಕೊಂಡರು. 2012ರಲ್ಲಿ ಅಜಿತ್, ಡೋಂಕರ್, ಸಕ್ಸೇನಾ ಎಂಬ ಮೂವರು ದೇಶದ 1,000 ದೊಡ್ಡ ಕಂಪನಿಗಳ ಬೋರ್ಡ್ ನೋಡಿದರು. ಅಡ್ಡಹೆಸರಿನಿಂದ ಜಾತಿ ಗುರುತಿಸಿದರು. ಸುಮಾರು 9,000 ನಿರ್ದೇಶಕರಲ್ಲಿ ಶೇ. 93ರಷ್ಟು ಮೇಲ್ಜಾತಿಯವರು. ಹಿಂದುಳಿದ ವರ್ಗ ಶೇ. 3.8. ಪರಿಶಿಷ್ಟ ಜಾತಿ, ಪಂಗಡ ಎರಡೂ ಸೇರಿ ಶೇ. 3.5. ಗದಗ ಕಡೆ ಬಡಿಗೇರ, ಕುಂಬಾರ, ಹಡಪದ ಅಂದ ತಕ್ಷಣ ಮನೆತನದ ಕಸುಬು ಗೊತ್ತಾಗುತ್ತದೆ. ಮೈಸೂರು ಕಡೆ ಇನಿಷಿಯಲ್ ಇಟ್ಟುಕೊಳ್ಳುವವರೇ ಜಾಸ್ತಿ, ಅಲ್ಲಿ ಹೀಗೆ ಎಣಿಸೋದು ಕಷ್ಟ. ಆ ಮಿತಿಯನ್ನು ಲೆಕ್ಕಕ್ಕೆ ತಗೊಂಡರೂ 93 ಅನ್ನೋದು ದೊಡ್ಡ ಅಂಕಿ. ನಾನು ತುಂಬುವ ಬಿಆರ್‌ಎಸ್‌ಆರ್‌ನ ಆ ಕೋಷ್ಟಕದಲ್ಲಿ ಮಹಿಳೆಯರ ಕಾಲಂ ಇದೆ, ಬೋರ್ಡಿನ ಜಾತಿ ಕೇಳುವ ಕಾಲಂ ಇಲ್ಲ. ಬೆಂಗಳೂರಿನಲ್ಲಿ ಕೂತು ಲಕೀಶಾ, ಜಮಾಲ್ ಬಗ್ಗೆ ಒಂದು ಮಧ್ಯಾಹ್ನ ಮಾತಾಡಿ ಇದನ್ನು ಬಿಟ್ಟದ್ದು ನನಗೆ ತುಂಬಾ ಬೇಸರ ತಂದಿತು. ಪಕ್ಕದಲ್ಲಿ ಕೂತವರ ಮುಖ ನೋಡಲಾಗಲಿಲ್ಲ.

ಎರಡನೇ ದಿನ ಬೇರೆ ತರಬೇತಿಯೇ ಅನ್ನಿಸಿತು. ಬಂದವರು ಕಾಲೇಜಿನಲ್ಲಿ ಪಾಠ ಮಾಡಿ ಅನುಭವವಿದ್ದ ಒಬ್ಬ ಹಿರಿಯರು. ಸ್ಲೈಡ್ ಆರಿಸಿಬಿಟ್ಟರು. ‘ನಿಮ್ಮ ನಿಮ್ಮ ಕಂಪನಿಯ ವರದಿ ತೆಗೀರಿ, ನಾಲ್ಕು ಮೆಟ್ಟಿಲಲ್ಲಿ ಹೆಂಗಸರನ್ನು ಎಣಿಸಿ’ ಅಂದರು. ಕಾರ್ಮಿಕರು, ಖಾಯಂ ಸಿಬ್ಬಂದಿ, ಕೆಎಂಪಿ, ಬೋರ್ಡ್. ಆಮೇಲೆ ಗಂಡಸರ, ಹೆಂಗಸರ ಮಧ್ಯಮ ಸಂಬಳದ (ಸಾಲಾಗಿ ನಿಲ್ಲಿಸಿದರೆ ನಡುವಿನವರ ಸಂಬಳದ) ಕೋಷ್ಟಕ. ಕೊನೆಗೆ ಹೆರಿಗೆ ರಜೆಯ ಕೋಷ್ಟಕ. ಎಷ್ಟು ಜನ ಕೆಲಸಕ್ಕೆ ವಾಪಸಾದರು, 12 ತಿಂಗಳಾದ ಮೇಲೆ ಎಷ್ಟು ಜನ ಉಳಿದರು.

ನಾನೇ ತುಂಬಿದ ಕೋಷ್ಟಕ ಅದು. ಮೂರು ವರ್ಷದಿಂದ ತುಂಬುತ್ತಿದ್ದೇನೆ. ನಮ್ಮಲ್ಲಿ ಆ ವರ್ಷ ರಜೆ ಮುಗಿಸಿ ಆರು ಜನ ವಾಪಸ್ ಬಂದಿದ್ದರು. ವರ್ಷದ ನಂತರ ಉಳಿದವರು ಇಬ್ಬರು. ಪೆನ್ನು ಹಿಡಿದು ಆರು, ಅದರ ಕೆಳಗೆ ಎರಡು ಅಂತ ಬರೆದಾಗ ಆ ನಾಲ್ವರ ಮುಖ ಒಂದೊಂದಾಗಿ ಕಣ್ಣ ಮುಂದೆ ಬಂತು. ಒಬ್ಬಳು ಕ್ವಾಲಿಟಿ ವಿಭಾಗದವಳು, ತುಂಬಾ ಜಾಣೆ. ಶಿಫ್ಟ್ ಬದಲಾಯಿಸಿಕೊಡಿ ಅಂತ ಎರಡು ಸಲ ಅರ್ಜಿ ಕೊಟ್ಟಿದ್ದಳು. ಹತ್ತು ವರ್ಷದ ನಂತರ ಪ್ಲಾಂಟ್ ಹೆಡ್ ಹುದ್ದೆಗೆ ‘ಹೆಂಗಸರು ಅರ್ಜಿನೇ ಹಾಕಲ್ಲ’ ಅಂತ ನಾವು ಹೇಳುವಾಗ, ಅರ್ಜಿ ಹಾಕಬೇಕಾಗಿದ್ದವಳು ಅವಳು.

ಈ ಒಂದು ಅಭ್ಯಾಸಕ್ಕೇ ನಾನು ಎರಡನೇ ದಿನಕ್ಕೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಮೊದಲ ದಿನಕ್ಕೆ ಎರಡು. ಸ್ವಂತ ದುಡ್ಡು ಹಾಕುವವರು ಎರಡನೇ ದಿನಕ್ಕೆ ಮಾತ್ರ ಸೇರಲು ಆಗುತ್ತಾ ಅಂತ ಕೇಳಿ. ಜೊತೆಗೆ, ಜಾತಿ ಬಗ್ಗೆ ಪಾಠ ಇದೆಯಾ, ಮೆಕಿನ್ಸೆಯ ಅಂಕಿ ತೋರಿಸಿದರೆ ಅದಕ್ಕೆ ಬಂದ ಟೀಕೆಯನ್ನೂ ತೋರಿಸುತ್ತೀರಾ ಅಂತ ಮೊದಲೇ ಕೇಳಿಕೊಳ್ಳಿ. ಕಂಪನಿ ಸೆಕ್ರೆಟರಿಗಳು, ಎಚ್‌ಆರ್‌ನವರು, ಹೊಸದಾಗಿ ಸ್ವತಂತ್ರ ನಿರ್ದೇಶಕರಾದವರು ಹೋಗಬಹುದು. ಪ್ರೊಮೋಷನ್‌ಗೆ ಸರ್ಟಿಫಿಕೇಟ್ ಸಿಗಲಿ ಅಂತ ಹೋಗುವವರಿಗೆ ಇಷ್ಟು ದುಡ್ಡು ಬೇಡ.

ಅಭಿಪ್ರಾಯದ ಹಾಳೆಯಲ್ಲಿ ಇದನ್ನೆಲ್ಲ ಬರೆದುಕೊಟ್ಟೆ. ಪುಸ್ತಕದ ತಪ್ಪು ತಿದ್ದುತ್ತೇವೆ ಅಂತ ಮೂರು ದಿನದಲ್ಲಿ ಮೇಲ್ ಬಂತು. ಜಾತಿಯ ಪಾಠದ ಬಗ್ಗೆ ಇನ್ನೂ ಉತ್ತರ ಬಂದಿಲ್ಲ. ಚಾಮರಾಜನಗರದವರಿಗೆ 2012ರ ಆ ಅಧ್ಯಯನದ ಕೋಷ್ಟಕ ಕಳಿಸಿಕೊಟ್ಟೆ. ತಮ್ಮ ಕಂಪನಿಯ ಎಂಡಿಗೆ ತೋರಿಸುತ್ತೇನೆ ಅಂದಿದ್ದಾರೆ.

ನಮ್ಮ ಬೋರ್ಡ್ ಮೀಟಿಂಗ್ ಮುಂದಿನ ತಿಂಗಳು 12ಕ್ಕೆ. ಅಜೆಂಡಾದ ಕರಡು ಬ್ಯಾಂಕಿನ ಮೇಡಂಗೆ ಕಳಿಸಿದ್ದೆ. 11ನೇ ಅಂಶ: ಹೆರಿಗೆ ರಜೆಯ ನಂತರ ಕೆಲಸ ಬಿಟ್ಟವರು, ಕಾರಣಗಳು, ಶಿಫ್ಟ್ ಬದಲಾವಣೆಯ ಅರ್ಜಿಗಳು. ‘ಅದನ್ನ 4ನೇದಕ್ಕೆ ತಗೊಂಡು ಬಾ, ಕೊನೆಗೆ ಬಂದರೆ ಎಲ್ಲರೂ ಎದ್ದು ಹೊರಡುತ್ತಾರೆ’ ಅಂತ ಫೋನ್ ಮಾಡಿದರು. 4ನೇದಕ್ಕೆ ಹಾಕಿದ್ದೇನೆ.