ಸಿಲೋಮ್‌ನ ಕೋಣೆಯೋ, ಓನ್ ನುತ್‌ನ ಕಾಂಡೋನೋ?

ಬ್ಯಾಂಕಾಕ್‌ಗೆ ಬಂದು ಐದು ವರ್ಷ ಆಯಿತು. ಮೊದಲ ಎರಡು ವರ್ಷ ಸಿಲೋಮ್‌ನ ಹಳೇ ಅಪಾರ್ಟ್‌ಮೆಂಟಿನಲ್ಲಿದ್ದೆ. ಆಮೇಲಿಂದ ಓನ್ ನುತ್‌ನ ಕಾಂಡೋದಲ್ಲಿದ್ದೇನೆ. ಊರಿಂದ ಹೊಸದಾಗಿ ಬರುವವರು ಎಲ್ಲಿ ಮನೆ ಹಿಡಿಯೋದು ಅಂತ ಕೇಳುತ್ತಲೇ ಇರುತ್ತಾರೆ. ಬಾಡಿಗೆ ಒಂದನ್ನೇ ನೋಡಿ ನಾನು ಏಮಾರಿದ್ದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಅಪಾರ್ಟ್‌ಮೆಂಟ್ ಅಂದರೆ ಇಡೀ ಕಟ್ಟಡ ಒಬ್ಬರದೇ. ಕೆಳಗೊಂದು ಆಫೀಸು, ಬಲ್ಬು ಹೋದರೂ ಅಲ್ಲೇ ಹೇಳಬೇಕು. ಕಾಂಡೋದಲ್ಲಿ ಒಂದೊಂದು ಮನೆಗೂ ಬೇರೆ ಬೇರೆ ಓನರ್. ಅದರಲ್ಲೇನು ಮಹಾ ಅಂದುಕೊಂಡಿದ್ದೆ, ಏಪ್ರಿಲ್ ಬಿಲ್ ಬರುವವರೆಗೆ.

ಸಿಲೋಮ್ ಕೋಣೆಗೆ ತಿಂಗಳಿಗೆ 9,500 ಬಾತ್. ಓನ್ ನುತ್‌ನಲ್ಲಿ 12,000. ಹಾಗೆ ನೋಡಿದರೆ ಸಿಲೋಮ್ ಅಗ್ಗ. ಆದರೆ ಅಲ್ಲಿ ಕರೆಂಟಿನ ರೇಟು ಮಾಲೀಕರು ಹೇಳಿದ್ದೇ, ಯೂನಿಟ್‌ಗೆ 8 ಬಾತ್. ಏಪ್ರಿಲ್‌ನಲ್ಲಿ ಇಲ್ಲಿ ಎಸಿ ಇಲ್ಲದೆ ನಿದ್ದೆ ಬರುವುದಿಲ್ಲ. 240 ಯೂನಿಟ್ ಸುಟ್ಟೆ, 1,920 ಬಾತ್ ಕಟ್ಟಿದೆ. ಕಾಂಡೋದಲ್ಲಿ ಸರ್ಕಾರಿ ಮೀಟರ್, ಬಿಲ್ ನೇರವಾಗಿ ನನಗೇ ಬರುತ್ತದೆ. ಅಷ್ಟೇ ಯೂನಿಟ್‌ಗೆ ಸಾವಿರದ ಚಿಲ್ಲರೆ. ಮನೆ ನೋಡಲು ಹೋದಾಗ ಮೊದಲು ಈ ರೇಟು ಕೇಳಿ, ಬಾಲ್ಕನಿಯಿಂದ ಏನು ಕಾಣುತ್ತದೆ ಅಂತ ಆಮೇಲೆ ನೋಡಿದರಾಯಿತು.

ಇನ್ನು ಅಡುಗೆಮನೆ. ನನಗಂತೂ ಎಲ್ಲಕ್ಕಿಂತ ದೊಡ್ಡ ವಿಷಯ ಅದೇ. ಸಿಲೋಮ್ ಕೋಣೆಯಲ್ಲಿ ಅಡುಗೆಮನೆಯೇ ಇರಲಿಲ್ಲ, ಒಲೆ ಹಚ್ಚಬಾರದು ಅಂತ ಬೇರೆ ಬರೆದು ಅಂಟಿಸಿದ್ದರು. ಈ ಊರಲ್ಲಿ ಅದು ಮಾಮೂಲು, ಬೀದಿಯಲ್ಲೇ ಮೂರು ಹೊತ್ತೂ ಊಟ ಸಿಗುವಾಗ ಮನೆಯಲ್ಲಿ ಯಾಕೆ ಬೇಯಿಸಬೇಕು? ಸಸ್ಯಾಹಾರಿಗೆ ಮಾತ್ರ ಕಷ್ಟ. ಬರೀ ಸೊಪ್ಪಿನ ಪಲ್ಯ ಅಂತ ತಟ್ಟೆಗೆ ಹಾಕಿಸಿಕೊಂಡರೂ ಅದರಲ್ಲಿ ‘ನಾಮ್ ಪ್ಲಾ’, ಅಂದರೆ ಮೀನಿನ ಸಾಸ್ ಇರುತ್ತದೆ. ಬದುಕಿಸಿದ್ದು ‘ಜೇ’ ಅಂಗಡಿಗಳು. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಧೈರ್ಯವಾಗಿ ಒಳಗೆ ಹೋಗಬಹುದು. ಮಾಂಸ, ಮೊಟ್ಟೆ, ಹಾಲು ಹಾಗಿರಲಿ, ಈರುಳ್ಳಿ ಬೆಳ್ಳುಳ್ಳಿಯೂ ಹಾಕುವುದಿಲ್ಲ. ನಮ್ಮ ಮಠದ ಊಟದ ಹಾಗೆ! ಬರೀ ಸಸ್ಯಾಹಾರಕ್ಕೆ ಇಲ್ಲಿ ‘ಮಂಗ್ಸವಿರತ್’ ಅನ್ನುತ್ತಾರೆ. ಮಾಂಸ, ವಿರತಿ. ಕನ್ನಡದವರಿಗೆ ಅದನ್ನು ಬಾಯಿಪಾಠ ಮಾಡುವ ಕೆಲಸವೇ ಇಲ್ಲ. ಆದರೂ ಎರಡು ವರ್ಷ ಸಾರಿನ ಮುಖ ನೋಡದೆ ಇದ್ದೆ ಅನ್ನುವುದು ನಿಜ.

ಓನ್ ನುತ್‌ನಲ್ಲಿ ಚಿಕ್ಕದಾದರೂ ಅಡುಗೆಮನೆ ಇದೆ, ಎರಡು ಕರೆಂಟ್ ಒಲೆ. ಹತ್ತಿರದ ಮಾರುಕಟ್ಟೆಯಲ್ಲಿ ತೆಂಗಿನಕಾಯಿಯನ್ನು ಕಣ್ಣೆದುರೇ ಮೆಷಿನ್‌ನಲ್ಲಿ ತುರಿದು ತೂಕ ಮಾಡಿ ಕೊಡುತ್ತಾರೆ. ಕಾಯಿಹಾಲು ಹಿಂಡುವವರಿಗೆ ಅಂತ ಇಟ್ಟಿದ್ದು, ನನ್ನ ಹುಳಿಗೂ ಆಗುತ್ತದೆ. ಮೊದಲ ದಿನ ಉತ್ಸಾಹದಲ್ಲಿ ಸಾಸಿವೆ, ಇಂಗು, ಒಣಮೆಣಸಿನಕಾಯಿ ಹಾಕಿ ಜೋರಾಗಿಯೇ ಒಗ್ಗರಣೆ ಕೊಟ್ಟೆ. ಘಾಟು ಕಾರಿಡಾರಿಗೆಲ್ಲ ಹಬ್ಬಿತು. ಐದು ನಿಮಿಷದಲ್ಲಿ ಸೆಕ್ಯೂರಿಟಿಯವರು ಬಾಗಿಲಲ್ಲಿ. ಬೈಯುತ್ತಾರೇನೋ ಅಂದುಕೊಂಡೆ. ಎರಡು ಸಲ ಸೀನಿ, ಒಲೆ ಕಡೆ ಇಣುಕಿ ನೋಡಿ, “ಫೆತ್ ಮಾಕ್” ಅಂದರು. ತುಂಬಾ ಖಾರ ಅಂತ. ನಕ್ಕು ಹೋದರು. ಈಗ ಮೊದಲು ಬಾಲ್ಕನಿ ಬಾಗಿಲು ತೆಗೆಯುತ್ತೇನೆ.

ಓಡಾಟದಲ್ಲಿ ಸಿಲೋಮ್‌ದೇ ಮೇಲುಗೈ. ನನ್ನ ಆಫೀಸು ಚೊಂಗ್ ನೊನ್ಸಿ ಸ್ಟೇಷನ್ ಪಕ್ಕ. ಸಿಲೋಮ್ ಕೋಣೆಗೆ ಹತ್ತಿರದ ಸುರಸಕ್‌ನಲ್ಲಿ ರೈಲು ಹತ್ತಿದರೆ ಎರಡನೇ ಸ್ಟೇಷನ್, ನಡೆದೂ ಹೋಗಬಹುದು. ಓನ್ ನುತ್‌ನಿಂದ ಸಯಾಮ್‌ವರೆಗೆ ಒಂಬತ್ತು ಸ್ಟೇಷನ್, ಅಲ್ಲಿ ರೈಲು ಬದಲಿಸಿ ಇನ್ನೂ ಮೂರು. ಬೆಳಿಗ್ಗೆ ಎಂಟಕ್ಕೆ ಫ್ರೋಮ್ ಫೊಂಗ್ ದಾಟುವಷ್ಟರಲ್ಲಿ ಕೈಯೆತ್ತಲೂ ಜಾಗ ಇರುವುದಿಲ್ಲ. ಮನೆ ಇರುವುದು ಸೊಯ್‌ನ, ಅಂದರೆ ಗಲ್ಲಿಯ ಒಳಗೆ. ಸ್ಟೇಷನ್‌ನಿಂದ ಕಿತ್ತಳೆ ಜಾಕೆಟ್‌ನವರ ಬೈಕ್ ಟ್ಯಾಕ್ಸಿ ಹತ್ತಬೇಕು. ಮಳೆ ಬಂದರೆ ಅದಕ್ಕೂ ಕ್ಯೂ. ‘ಫೊನ್ ತೊಕ್, ರೊತ್ ತಿತ್’ ಅನ್ನುತ್ತಾರೆ ಇಲ್ಲಿನವರು: ಮಳೆ ಬಿತ್ತು, ಗಾಡಿ ನಿಂತಿತು. ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಾಗದಪತ್ರದಲ್ಲೂ ಅಪಾರ್ಟ್‌ಮೆಂಟೇ ಸುಲಭ. ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ಮನೆ ಕೊಟ್ಟವರು ಇಮಿಗ್ರೇಷನ್‌ಗೆ ಟಿಎಂ-30 ಅನ್ನುವ ವರದಿ ಕೊಡಬೇಕು. ಸಿಲೋಮ್‌ನಲ್ಲಿ ಆಫೀಸಿನವರೇ ಕೊಟ್ಟಿದ್ದರು, ನನಗೆ ಹೆಸರೂ ಗೊತ್ತಿರಲಿಲ್ಲ. ಕಾಂಡೋ ಓನರ್ ಇರುವುದು ಚಿಯಾಂಗ್ ಮಾಯ್‌ನಲ್ಲಿ. ಮೆಸೇಜ್ ಮೇಲೆ ಮೆಸೇಜ್ ಕಳಿಸಿ ಮಾಡಿಸಿಕೊಂಡೆ. ಅಡ್ವಾನ್ಸ್ ವಿಷಯ ಮಾತ್ರ ಉಲ್ಟಾ: ಸಿಲೋಮ್ ಬಿಡುವಾಗ ಸುಣ್ಣಬಣ್ಣ ಅಂತ ಸುಮ್ನೆ ಎರಡು ಸಾವಿರ ಹಿಡಿದುಕೊಂಡರು.

ಎರಡೂ ಮನೆಗೆ ಅಮ್ಮ ಬಂದಿದ್ದರು. ಸಿಲೋಮ್‌ನಲ್ಲಿ ನಡೆದು ಹೋಗುವ ದೂರದಲ್ಲೇ ಮಾರಿಯಮ್ಮನ ಗುಡಿ. ಇಲ್ಲಿಗೆ ಬಂದು ನೆಲೆಸಿದ ತಮಿಳರು ಕಟ್ಟಿದ್ದು, ಥಾಯ್‌ಗಳ ಬಾಯಲ್ಲಿ ‘ವಾತ್ ಖೇಕ್’. ಒಳಗೆ ಕೈಮುಗಿದು ನಿಂತವರಲ್ಲಿ ಥಾಯ್‌ಗಳೇ ಜಾಸ್ತಿ. ಅಮ್ಮ ದಿನಾ ಬೆಳಿಗ್ಗೆ ಒಬ್ಬರೇ ಹೋಗಿ ಬರುತ್ತಿದ್ದರು. ಓನ್ ನುತ್‌ನ ಹದಿನೆಂಟನೇ ಮಹಡಿಗೆ ಬಂದು ಎರಡೇ ದಿನಕ್ಕೆ, “ಇಷ್ಟು ಎತ್ತರಕ್ಕೆ ಒಂದು ಕಾಗೆನೂ ಬರಲ್ವಲ್ಲೋ” ಅಂದರು. ಈಜುಕೊಳ ತೋರಿಸಿದೆ. ನೋಡಿ ಸುಮ್ಮನಾದರು.

ಹೊಸಬರಾಗಿ ಒಬ್ಬರೇ ಬರುತ್ತಿದ್ದು, ಆಫೀಸು ಸಿಲೋಮ್ ಅಥವಾ ಸಾಥೋರ್ನ್ ಕಡೆ ಇದ್ದರೆ ಮೊದಲ ಆರು ತಿಂಗಳು ಆ ಹಳೇ ಕೋಣೆಯಂಥದ್ದೇ ಸಾಕು. ಸಾರು, ಹುಳಿ ಬೇಕೇ ಬೇಕು ಅನ್ನುವವರು ಓನ್ ನುತ್ ಕಡೆ ಹುಡುಕಿ. ನಾನಂತೂ ಇಲ್ಲೇ ಇನ್ನೊಂದು ವರ್ಷಕ್ಕೆ ಅಗ್ರಿಮೆಂಟ್ ಹಾಕಿಬಿಟ್ಟೆ. ನವರಾತ್ರಿ ಕೊನೆಯ ಮೆರವಣಿಗೆಗೆ ಮಾತ್ರ ಸಿಲೋಮ್‌ಗೆ ಹೋಗುತ್ತೇನೆ. ಕೊನೇ ರೈಲಿಗೆ ಓಡುವಾಗ ಚಪ್ಪಲಿ ತುಂಬಾ ಚೆಂಡುಹೂವಿನ ಎಸಳು.