ಇಕ್ವಿಪ್: ಹೊಸ ಕೌನ್ಸೆಲರ್‌ಗಳನ್ನು ತಯಾರು ಮಾಡಲು ಒಳ್ಳೆಯ ಸಾಧನ, ಆದರೆ ರೋಲ್ ಪ್ಲೇ ಕಥೆಗಳನ್ನು ಇಲ್ಲಿಯವರೇ ಬರೆದುಕೊಳ್ಳಬೇಕು

ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಅಥವಾ ಮನೋವಿಜ್ಞಾನದ ಎಂ.ಎಸ್ಸಿ. ಮುಗಿಸಿದವರಿಗೆ ಮೊದಲ ಕೆಲಸ ಸಿಗುವುದು ಸಹಾಯವಾಣಿಯಲ್ಲಿ, ಸಾಂತ್ವನ ಕೇಂದ್ರದಲ್ಲಿ, ಕಾಲೇಜಿನ ಆಪ್ತಸಮಾಲೋಚನಾ ಕೊಠಡಿಯಲ್ಲಿ ಅಥವಾ ವಲಸೆ ಕಾರ್ಮಿಕರ ನಡುವೆ ಓಡಾಡುವ ಸಂಸ್ಥೆಯಲ್ಲಿ. ಬೆಂಗಳೂರಿನಂಥ ಊರಿನಲ್ಲಿ ಬೆಳಿಗ್ಗೆ ಯಾದಗಿರಿಯ ಕನ್ನಡ, ಮಧ್ಯಾಹ್ನ ದಖನಿ ಉರ್ದು, ಸಂಜೆ ಒಡಿಯಾ ಬೆರೆತ ಹಿಂದಿ ಕಿವಿಗೆ ಬೀಳುತ್ತದೆ. ಎದುರಿಗೆ ಕೂತವರ ಜಾತಿ, ಧರ್ಮ, ಊರು, ನಂಬಿಕೆ ಎಲ್ಲವೂ ಬೇರೆ. ಇದಕ್ಕೆ ತರಗತಿಯಲ್ಲಿ ಸಿಗುವ ತಯಾರಿ ಎಂದರೆ ಹೆಚ್ಚಿನ ಕಡೆ ಒಂದು ಪೇಪರ್, ಒಂದಷ್ಟು ವ್ಯಾಖ್ಯೆಗಳು. ಬಾಗಿಲು ಹಾಕಿದ ಮೇಲೆ ವಿದ್ಯಾರ್ಥಿ ಒಳಗೆ ನಿಜಕ್ಕೂ ಏನು ಹೇಳುತ್ತಾನೆ, ಏನನ್ನು ಕೇಳದೆ ಬಿಡುತ್ತಾನೆ ಎಂಬುದನ್ನು ಯಾರೂ ನೋಡುವುದಿಲ್ಲ.

ಆ ಕೊರತೆಯನ್ನು ನೇರವಾಗಿ ತುಂಬುವ ಸಾಧನ ಇಕ್ವಿಪ್. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಜಂಟಿಯಾಗಿ ರೂಪಿಸಿ 2022ರಲ್ಲಿ ಬಿಡುಗಡೆ ಮಾಡಿದ ಆನ್‌ಲೈನ್ ವೇದಿಕೆ ಇದು. ಹಣ ಕೊಡಬೇಕಿಲ್ಲ. ಇದರ ಜೀವಾಳ ಎನಾಕ್ಟ್, ಅಂದರೆ ಕೌನ್ಸೆಲರ್ ಮಾತುಕತೆಯ ಕೌಶಲಗಳಿಗೆ ಅಂಕ ಕೊಡುವ ಪಟ್ಟಿ. ಅದರ ಮೊದಲ ರೂಪ ಸಿದ್ಧವಾದದ್ದು ನೇಪಾಳದಲ್ಲಿ, 2015ರ ಹೊತ್ತಿಗೆ, 18 ಅಂಶಗಳೊಂದಿಗೆ. ಈಗ ಬಳಕೆಯಲ್ಲಿರುವುದು 15 ಅಂಶಗಳ ರೂಪ. ಹುಟ್ಟಿದ ಜಾಗದ ಗುರುತು ಅದರಲ್ಲಿ ಚೆನ್ನಾಗಿ ಉಳಿದಿದೆ: ಮನೆಯವರನ್ನು ಹೇಗೆ ಒಳಗೊಳ್ಳಬೇಕು, ತನ್ನ ಕಷ್ಟಕ್ಕೆ ಕಾರಣವೇನೆಂದು ಬಂದವರು ನಂಬಿದ್ದಾರೆ, ಅವರದೇ ಮಾತಿನಲ್ಲಿ ವಿವರಣೆ ಕೊಟ್ಟಿದ್ದೀರಾ ಎಂಬುವು ಇಲ್ಲಿ ಅಡಿಟಿಪ್ಪಣಿಗಳಲ್ಲ, ಪ್ರತ್ಯೇಕ ಅಂಕವಿರುವ ಕೌಶಲಗಳು.

ಅಂಕ ಕೊಡುವ ರೀತಿ ಸರಳ. ಪ್ರತಿ ಅಂಶದಡಿ ಮೂರು ಬಗೆಯ ವರ್ತನೆಗಳ ಪಟ್ಟಿ ಇರುತ್ತದೆ: ಹಾನಿಕರ, ಮೂಲಭೂತ, ಮುಂದುವರಿದ. ಹಾನಿಕರ ವರ್ತನೆ ಒಂದೇ ಒಂದು ಕಂಡರೂ ಆ ಅಂಶಕ್ಕೆ 1ನೇ ಮಟ್ಟ. ಮೂಲಭೂತದಲ್ಲಿ ಯಾವುದೂ ಬಾರದಿದ್ದರೆ ಅಥವಾ ಕೆಲವು ಮಾತ್ರ ಬಂದರೆ 2, ಎಲ್ಲವೂ ಬಂದರೆ 3, ಅದರ ಮೇಲೆ ಮುಂದುವರಿದದ್ದೂ ಇದ್ದರೆ 4. ‘ಹುಡುಗಿ ಚೆನ್ನಾಗಿ ಮಾತಾಡ್ತಾಳೆ’ ಎಂಬಂಥ ಮೇಷ್ಟ್ರ ಅನಿಸಿಕೆಗೆ ಇಲ್ಲಿ ಜಾಗವಿಲ್ಲ. ಕಂಡದ್ದಕ್ಕೆ, ಕೇಳಿದ್ದಕ್ಕೆ ಮಾತ್ರ ಗುರುತು.

ಬಳಸುವ ಕ್ರಮ ಹೀಗೆ. ಒಬ್ಬರು ಕಷ್ಟ ಹೇಳಿಕೊಳ್ಳಲು ಬಂದವರ ಪಾತ್ರ ಮಾಡುತ್ತಾರೆ, ವಿದ್ಯಾರ್ಥಿ ಕೌನ್ಸೆಲರ್ ಆಗುತ್ತಾನೆ, ಇಬ್ಬರು ಪಕ್ಕದಲ್ಲಿ ಕೂತು ಗುರುತು ಹಾಕುತ್ತಾರೆ. ರೋಲ್ ಪ್ಲೇಗೆ 10ರಿಂದ 15 ನಿಮಿಷ. ಅಂಕ ಮತ್ತು ಮಾತುಕತೆ ಸೇರಿ ತಲೆಗೆ ಅರ್ಧ ಗಂಟೆ ಇಟ್ಟುಕೊಳ್ಳಿ. 30 ವಿದ್ಯಾರ್ಥಿಗಳ ಕ್ಲಾಸಿಗೆ ಎರಡು ಕೊಠಡಿಯಿದ್ದರೆ ಒಂದು ಪೂರ್ತಿ ದಿನ ಹಿಡಿಯುತ್ತದೆ. ತರಬೇತಿಗೆ ಮುಂಚೆ, ನಡುವೆ, ಕೊನೆಗೆ ಹೀಗೆ ಮೂರು ಸಲ ಮಾಡಿದರೆ ಯಾರು ಎಲ್ಲಿ ನಿಂತಿದ್ದಾರೆಂದು ಗೊತ್ತಾಗುತ್ತದೆ. ಪಾತ್ರ ಮಾಡುವವರು ಅದೇ ತರಗತಿಯ ಗೆಳೆಯರಾಗಬಾರದು. ಕೌನ್ಸೆಲರ್ ಆಗಿ ಕೂತ ಗೆಳತಿ ಕಷ್ಟಪಡುತ್ತಿದ್ದಾಳೆಂದು, ಅವಳು ಕೇಳದಿದ್ದರೂ ಎಲ್ಲವನ್ನೂ ಹೇಳಿಬಿಡುತ್ತಾರೆ, ಅಲ್ಲಿಗೆ ಪರೀಕ್ಷೆಯೇ ಸುಳ್ಳಾಗುತ್ತದೆ.

ಕಥೆಯನ್ನು ಇಲ್ಲಿಯ ನೆಲಕ್ಕೆ ತಕ್ಕಂತೆ ಬರೆದುಕೊಳ್ಳುವುದೇ ಇದರಲ್ಲಿ ದೊಡ್ಡ ಕೆಲಸ. ಒಂದು ಮಾದರಿ: ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ 34 ವರ್ಷದ ಹೆಂಗಸು. ನಿದ್ದೆಯಿಲ್ಲ, ಎದೆ ಭಾರ, ಕೈಕಾಲು ಸೋಲುತ್ತವೆ. ‘ಗಾಳಿ ಸೋಕಿದೆ’ ಎಂದು ಅತ್ತೆ ದರ್ಗಾಕ್ಕೆ ಕರೆದೊಯ್ದು ತಾಯತ ಕಟ್ಟಿಸಿದ್ದಾಳೆ. ಗಂಡ ಕುಡಿದು ಹೊಡೆಯುತ್ತಾನೆ. ಈ ಹೊಡೆತದ ವಿಷಯವನ್ನು ಕೇಳಿದರೆ ಮಾತ್ರ ಹೇಳಬೇಕೆಂದು ಪಾತ್ರಧಾರಿಗೆ ಸೂಚನೆ.

ಇಲ್ಲಿ 9ನೇ ಅಂಶದಲ್ಲಿ, ಅಂದರೆ ಕಾರಣದ ಬಗೆಗಿನ ನಂಬಿಕೆ ಕೇಳುವಲ್ಲಿ, ವಿದ್ಯಾರ್ಥಿಗಳು ಎರಡು ಬಗೆಯಲ್ಲಿ ಎಡವುತ್ತಾರೆ. ಕೆಲವರು ‘ಅದೆಲ್ಲ ಮೂಢನಂಬಿಕೆ, ನಿಮಗಿರೋದು ಡಿಪ್ರೆಶನ್’ ಎಂದುಬಿಡುತ್ತಾರೆ. ಸೀದಾ 1ನೇ ಮಟ್ಟ. ಇನ್ನು ಕೆಲವರು ನೋಯಿಸಿಬಿಟ್ಟೇನೆಂಬ ಭಯಕ್ಕೆ ತಲೆಯಾಡಿಸಿ ಮುಂದೆ ಹೋಗುತ್ತಾರೆ. ನೋಡುವವರಿಗೆ ಅದು ಗೌರವದಂತೆ ಕಾಣುತ್ತದೆ, ಆದರೆ ಏನೂ ತಿಳಿದುಕೊಂಡಿಲ್ಲವಾದ್ದರಿಂದ 2ನ್ನು ದಾಟುವುದಿಲ್ಲ. ಬೇಕಾದದ್ದು ಇಷ್ಟು: ‘ಇದು ಯಾಕೆ ಆಗ್ತಿದೆ ಅಂತ ನಿಮಗೆ ಅನ್ನಿಸುತ್ತೆ ಅಕ್ಕ? ಮನೆಯವರು ಏನಂತಾರೆ? ದರ್ಗಾಕ್ಕೆ ಹೋಗಿ ಬಂದ ಮೇಲೆ ಹೇಗಿತ್ತು?’ ಅತ್ತೆಯ ಅಭಿಪ್ರಾಯ ಒಂದು, ಸೊಸೆಯದು ಇನ್ನೊಂದು ಆಗಿರುವುದು ಹೊರಬರುವುದೇ ಈ ಪ್ರಶ್ನೆಗಳಿಂದ. ದರ್ಗಾದಲ್ಲಿ ಅರ್ಧ ದಿನ ಕೂತಾಗ ಮನಸ್ಸು ಹಗುರಾಯಿತೆಂದು ಆಕೆ ಹೇಳಿದರೆ ಅದು 13ನೇ ಅಂಶಕ್ಕೆ, ಆಕೆ ಈಗಾಗಲೇ ಕಂಡುಕೊಂಡ ದಾರಿಗಳನ್ನು ಬಳಸಿಕೊಳ್ಳುವುದಕ್ಕೆ, ಒದಗುತ್ತದೆ. ಮುಂದೆ ವಿವರಣೆ ಕೊಡುವಾಗ ‘ಎದೆ ಭಾರ’ ಎಂಬ ಆಕೆಯ ಮಾತನ್ನೇ ಹಿಡಿದು ಹೊರಡಬೇಕು, ಪಠ್ಯದ ಪದವನ್ನಲ್ಲ.

ಈ ಒಂದು ಭಾಗಕ್ಕೆ ಎನಾಕ್ಟ್ ಸಾಲದು. ಅದು ಕೇಳಿದಿರಾ ಎಂದು ಅಳೆಯುತ್ತದೆಯೇ ಹೊರತು ಹೇಗೆ ಕೇಳಬೇಕೆಂದು ಕಲಿಸುವುದಿಲ್ಲ. ಜೊತೆಗೆ ಇಟ್ಟುಕೊಳ್ಳಬೇಕಾದದ್ದು 2013ರಲ್ಲಿ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯಾದ ಡಿಎಸ್‌ಎಂ-5ರೊಂದಿಗೆ ಬಂದ ಸಾಂಸ್ಕೃತಿಕ ಸಂದರ್ಶನ. ಒಟ್ಟು 16 ಪ್ರಶ್ನೆ: ಸಮಸ್ಯೆಗೆ ಅವರು ಕೊಡುವ ವಿವರಣೆ, ಕಾರಣ ಮತ್ತು ಆಸರೆ, ಈವರೆಗೆ ಮಾಡಿದ ಪ್ರಯತ್ನ, ಈಗ ಬೇಕಾದ ನೆರವು. ನಮ್ಮಿಬ್ಬರ ಹಿನ್ನೆಲೆ ಬೇರೆಯಾದ್ದರಿಂದ ಅಪಾರ್ಥವಾದೀತೆಂಬ ಚಿಂತೆ ಇದೆಯೇ ಎಂದು ಕೇಳುವ 16ನೇ ಪ್ರಶ್ನೆಯನ್ನು ಹೊಸಬರು ಬಿಟ್ಟೇ ಬಿಡುತ್ತಾರೆ. ಅದನ್ನು ಜೋರಾಗಿ ಹೇಳಿ ಅಭ್ಯಾಸ ಮಾಡಿಸಬೇಕು. ಆದರೆ 16ನ್ನೂ ಸಾಲಾಗಿ ಓದಿದರೆ ಜನಗಣತಿಯವರು ಬಂದಂತಾಗುತ್ತದೆ. ಮೊದಲ ಭೇಟಿಗೆ ನಾಲ್ಕೈದು ಸಾಕು.

3 ಮತ್ತು 7ನೇ ಅಂಶಗಳಲ್ಲಿ ರಿಯಾಯಿತಿ ಸಲ್ಲದು. 3ನೆಯದು ಗೋಪ್ಯತೆ. ‘ಇಲ್ಲಿ ಹೇಳಿದ್ದು ಎಲ್ಲೂ ಹೋಗಲ್ಲ’ ಎಂದು ವಿದ್ಯಾರ್ಥಿ ಮಾತು ಕೊಟ್ಟರೆ ಅದು ಸುಳ್ಳು ಭರವಸೆ: 18 ವರ್ಷದೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯವಾಗಿದೆಯೆಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಆ ಮಿತಿಯನ್ನು ಮಾತುಕತೆಯ ಆರಂಭದಲ್ಲೇ ಹೇಳಬೇಕು. 7ನೆಯದು ಅಪಾಯದ ವಿಚಾರಣೆ: ತನಗೆ ತಾನೇ ಹಾನಿ ಮಾಡಿಕೊಳ್ಳುವುದು, ಇತರರಿಗೆ ಮಾಡುವುದು, ಇತರರಿಂದ ಆಗುವುದು, ಮೂರೂ. ವಿದ್ಯಾರ್ಥಿಗಳು ಮೊದಲನೆಯದನ್ನು ಕೇಳಿ ನಿಲ್ಲಿಸುತ್ತಾರೆ, ಮೇಲಿನ ಕಥೆಯಲ್ಲಿ ಗಂಡನ ಹೊಡೆತ ಹೊರಗೇ ಬರುವುದಿಲ್ಲ. ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿ ಕೇಳಲು ಹಿಂಜರಿಯುವವರಿಗೆ ಅದೇ ವಾಕ್ಯವನ್ನು ಬಾಯಿಗೆ ಬರುವವರೆಗೆ ಹೇಳಿಸಬೇಕು. 14416 ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, 181 ಮಹಿಳಾ ಸಹಾಯವಾಣಿ, 1098 ಮಕ್ಕಳ ಸಹಾಯವಾಣಿ: ಈ ಮೂರು ನಂಬರ್ ನೋಡದೇ ಹೇಳುವಂತಿರಬೇಕು.

ಕೊರತೆಗಳೂ ಇವೆ. ಜಾತಿಯ ವಿಷಯ ಪಟ್ಟಿಯಲ್ಲಿ ಬಿಡಿಸಿ ಬಂದಿಲ್ಲ. ‘ನೀವು ಯಾವ ಪೈಕಿ?’ ಎಂದು ಕುತೂಹಲಕ್ಕೆ ಕೇಳುವುದು, ಹೆಸರಿನ ಜಾಡು ಹಿಡಿದು ಜಾತಿ ಊಹಿಸುವುದು ಇಲ್ಲಿ ನಿತ್ಯ ನಡೆಯುವ ಹಾನಿ. ಇವನ್ನು ಪ್ರತ್ಯೇಕ ಹಾಳೆಯಲ್ಲಿ ಸೇರಿಸಿಕೊಳ್ಳಿ, ಮೂಲ ಪಟ್ಟಿಯೊಳಗೆ ತುರುಕಬೇಡಿ. ತುರುಕಿದರೆ ಮೊದಲ ಮತ್ತು ಕೊನೆಯ ಅಂಕಗಳನ್ನು ಹೋಲಿಸಲು ಆಗುವುದಿಲ್ಲ. ದುಭಾಷಿಯೊಂದಿಗೆ ಕೆಲಸ ಮಾಡುವ ಕೌಶಲಕ್ಕೂ ಎನಾಕ್ಟ್‌ನಲ್ಲಿ ಬೇರೆ ಅಂಶವಿಲ್ಲ. ಅದನ್ನು ಬೇರೆಯಾಗಿಯೇ ಕಲಿಸಬೇಕು: ಮುಂಚೆ ಐದು ನಿಮಿಷ ದುಭಾಷಿಗೆ ವಿಷಯ ಹೇಳುವುದು, ಮೂವರೂ ತ್ರಿಕೋನವಾಗಿ ಕೂರುವುದು, ಒಂದು ಸಲಕ್ಕೆ ಒಂದೆರಡು ವಾಕ್ಯ ಮಾತ್ರ, ನೋಟ ಬಂದವರ ಕಡೆಗೆ, ಮನೆಯ ಮಕ್ಕಳನ್ನು ದುಭಾಷಿ ಮಾಡದಿರುವುದು.

ಅಂಕ ಹಾಕುವವರು ಮೊದಲು ಒಂದೇ ವಿಡಿಯೋ ನೋಡಿ ಬೇರೆಬೇರೆಯಾಗಿ ಗುರುತು ಹಾಕಿ ತಾಳೆ ನೋಡಬೇಕು. ಒಂದು ಮಟ್ಟಕ್ಕಿಂತ ಹೆಚ್ಚು ವ್ಯತ್ಯಾಸವಿದ್ದ ಅಂಶಗಳನ್ನು ಚರ್ಚಿಸದೆ ವಿದ್ಯಾರ್ಥಿಗಳ ಮುಂದೆ ಕೂರಬಾರದು. ಸರಾಸರಿಯನ್ನು ಇಂಟರ್ನಲ್ ಮಾರ್ಕ್ಸ್ ಆಗಿ ಬಳಸುವ ಕಾಲೇಜುಗಳಿಗೆ ಒಂದು ಎಚ್ಚರಿಕೆ: ಸರಾಸರಿ 3 ಬಂದವರಿಗೂ 7ನೇ ಅಂಶದಲ್ಲಿ 1 ಇರಬಹುದು. ಯಾವುದೇ ಅಂಶದಲ್ಲಿ 1 ಇದ್ದರೂ ಅದನ್ನು ತಿದ್ದಿ ಮತ್ತೆ ರೋಲ್ ಪ್ಲೇ ಮಾಡಿಸಿ, ಆಮೇಲಷ್ಟೇ ಫೀಲ್ಡ್‌ವರ್ಕ್‌ಗೆ ಕಳಿಸಿ.